ಕೂಡಿ ಆಡುವ ಬೇಟೆ: ಕಲ್ಲುಹಾಸಿನಿಂದ ಅಂಗೈ ಯಂತ್ರದವರೆಗೆ

ಆಟಗಳಲ್ಲಿ ಹಲವು ಬಗೆ. ಓಟದ ಪಂದ್ಯದಲ್ಲಿ ಪ್ರತಿಯೊಬ್ಬನೂ ಉಳಿದವರೆಲ್ಲರ ಎದುರಾಳಿ. ಕಬಡ್ಡಿಯಲ್ಲಿ ಒಂದು ತಂಡಕ್ಕೆ ಇನ್ನೊಂದು ತಂಡ ಎದುರಾಳಿ. ಇವೆರಡಕ್ಕಿಂತ ಭಿನ್ನವಾದ ಮೂರನೆಯ ಬಗೆಯೊಂದಿದೆ. ಅದರಲ್ಲಿ ಎದುರಾಳಿಯ ಸಂಖ್ಯೆ ಕಡಿಮೆ, ಬಲ ಹೆಚ್ಚು. ಅದನ್ನು ಎದುರಿಸುವವರ ಸಂಖ್ಯೆ ಹೆಚ್ಚು, ಆದರೆ ಒಬ್ಬೊಬ್ಬರ ಬಲ ಕಡಿಮೆ. ಕೂಡಿ ನಡೆದರೆ ಗೆಲುವು, ಚದುರಿದರೆ ಸೋಲು. ಇದನ್ನು ಬೇಟೆಯ ಆಟ ಎನ್ನೋಣ.

ಈ ಬಗೆಯ ಒಂದು ವಿಡಿಯೋ ಆಟ 2005ರಿಂದ 2010ರವರೆಗೆ ಜಪಾನಿನಲ್ಲಿ ದೊಡ್ಡ ಅಲೆಯನ್ನೇ ಎಬ್ಬಿಸಿತು. ಅದರ ಹೆಸರು ‘ಮಾನ್‌ಸ್ಟರ್ ಹಂಟರ್’, ಅಂದರೆ ದೈತ್ಯಮೃಗಗಳ ಬೇಟೆಗಾರ. ಅಂಗೈಯಲ್ಲಿ ಹಿಡಿಯುವ ಪುಟ್ಟ ಯಂತ್ರಗಳೊಂದಿಗೆ ನಾಲ್ವರು ಹತ್ತಿರ ಹತ್ತಿರ ಕುಳಿತು, ಪರದೆಯ ಮೇಲಿನ ಒಂದೇ ಮೃಗವನ್ನು ಒಟ್ಟಾಗಿ ಬೇಟೆಯಾಡುವ ಆಟ ಅದು.

ವಿಜ್ಞಾನದ ವಿದ್ಯಾರ್ಥಿಯಾದ ನೀವು ಇಂತಹ ಆಟದ ಚರಿತ್ರೆಯನ್ನು ಏಕೆ ಓದಬೇಕು? ದ್ರವ ಸ್ಫಟಿಕ, ರೇಡಿಯೋ ತರಂಗ, ಗಣಕ ಜಾಲ, ಜ್ಯಾಮಿತಿ ಇವೆಲ್ಲ ಅದರೊಳಗೆ ಸೇರಿವೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ನಾಲ್ವರು ಕೂಡಿ ಆಡುವ ಆಟದ ಬೀಗದ ಕೈ ಯಾರ ಬಳಿ ಇರುತ್ತದೆ? ಆಡುವವರ ಬಳಿಯೋ, ದೂರದ ಕಂಪನಿಯ ಬಳಿಯೋ? ಈ ಪ್ರಶ್ನೆಗೆ ಉತ್ತರ ಈ ಚರಿತ್ರೆಯಲ್ಲಿದೆ.

ನಮ್ಮ ಕಟ್ಟೆಯ ಮೇಲಿನ ಬೇಟೆ

ಮೊದಲು ನಮ್ಮ ಊರಿನಿಂದಲೇ ಆರಂಭಿಸೋಣ. ಬೇಟೆಯ ಆಟ ಜಪಾನಿನಿಂದ ನಮಗೆ ಬರಬೇಕಾಗಿರಲಿಲ್ಲ. ಕರ್ನಾಟಕದ ಹಳೆಯ ದೇವಾಲಯಗಳ ಮಂಟಪದ ಕಲ್ಲುಹಾಸುಗಳ ಮೇಲೆ, ಜಗಲಿ ಚಪ್ಪಡಿಗಳ ಮೇಲೆ, ಅರಳಿಕಟ್ಟೆಯ ಬಂಡೆಗಳ ಮೇಲೆ ಗೆರೆ ಕೊರೆದ ಮನೆಗಳನ್ನು ನೀವು ನೋಡಿರಬಹುದು. ತ್ರಿಕೋನದ ತುದಿಯಿಂದ ಇಳಿದುಬರುವ ಗೆರೆಗಳು, ಅವನ್ನು ಅಡ್ಡ ಕತ್ತರಿಸುವ ಗೆರೆಗಳು. ಅದು ಹುಲಿ–ಕುರಿ ಆಟದ ಮನೆ. ಕೆಲವು ಕಡೆ ಇದನ್ನು ಆಡು–ಹುಲಿ ಆಟ ಎಂದೂ ಕರೆಯುತ್ತಾರೆ.

ಊರಿನಿಂದ ಊರಿಗೆ ನಿಯಮ ಸ್ವಲ್ಪ ಬದಲಾಗುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಗೆರೆಗಳು ಕೂಡುವ ಬಿಂದುಗಳು 23, ಹುಲಿಗಳು 3, ಕುರಿಗಳು 15. ಹುಣಿಸೆ ಬೀಜ, ಬಳೆಚೂರು, ಕಲ್ಲು ಯಾವುದಾದರೂ ಕಾಯಾಗಬಹುದು. ಕುರಿಯ ಕಡೆಯವನು ಒಂದೊಂದೇ ಕುರಿಯನ್ನು ಮನೆಯ ಮೇಲೆ ಇಡುತ್ತಾನೆ. ಎಲ್ಲವನ್ನೂ ಇಟ್ಟ ಮೇಲೆ ನಡೆಸುತ್ತಾನೆ. ಹುಲಿ ಪಕ್ಕದ ಬಿಂದುವಿಗೆ ಸರಿಯಬಹುದು. ಇಲ್ಲವೇ ಪಕ್ಕದ ಕುರಿಯ ಮೇಲಿಂದ ನೇರವಾಗಿ ಹಾರಿ, ಆಚೆಯ ಖಾಲಿ ಬಿಂದುವಿಗೆ ಇಳಿದು, ಕುರಿಯನ್ನು ತಿನ್ನಬಹುದು. ಕುರಿಗೆ ಹಾರುವ ಶಕ್ತಿಯಿಲ್ಲ, ತಿನ್ನುವ ಶಕ್ತಿಯಿಲ್ಲ. ಆದರೆ ಕುರಿಗಳೆಲ್ಲ ಸೇರಿ ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಗೆಲುವು ಅವುಗಳದೇ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಒಂಟಿ ಕುರಿಯ ಹಿಂದಿನ ಬಿಂದು ಖಾಲಿಯಿದ್ದರೆ ಅದು ಹುಲಿಯ ಪಾಲು. ಹಿಂದೆ ಇನ್ನೊಂದು ಕುರಿ ನಿಂತಿದ್ದರೆ ಹುಲಿ ಹಾರಲಾರದು. ಒಂದು ಕುರಿಯ ರಕ್ಷಣೆ ಇನ್ನೊಂದು ಕುರಿಯ ಸ್ಥಾನದಲ್ಲಿದೆ. ಸಹಕಾರ ಎಂಬುದು ಇಲ್ಲಿ ಉಪದೇಶವಲ್ಲ, ಜ್ಯಾಮಿತಿ.

ಈ ಪುಟ್ಟ ಮನೆಯಲ್ಲಿ ಎಷ್ಟು ಸ್ಥಿತಿಗಳು ಸಾಧ್ಯ? ಲೆಕ್ಕ ಹಾಕಿ ನೋಡಿ. 23 ಬಿಂದುಗಳಲ್ಲಿ 3 ಹುಲಿಗಳನ್ನು 1,771 ರೀತಿಗಳಲ್ಲಿ ಇಡಬಹುದು. ಉಳಿದ 20 ಬಿಂದುಗಳಲ್ಲಿ ಪ್ರತಿಯೊಂದೂ ಖಾಲಿ ಅಥವಾ ಕುರಿ. ಅಂದರೆ 2ರ 20ನೆಯ ಘಾತ, 10,48,576. ಇವುಗಳಲ್ಲಿ 15ಕ್ಕಿಂತ ಹೆಚ್ಚು ಕುರಿಗಳಿರುವ 6,196 ಸ್ಥಿತಿಗಳನ್ನು ಕಳೆದು ಗುಣಿಸಿದರೆ ಸುಮಾರು 184 ಕೋಟಿ 60 ಲಕ್ಷ ಬರುತ್ತದೆ. ಯಾರ ಸರದಿ, ಎಷ್ಟು ಕುರಿ ಇನ್ನೂ ಕೈಯಲ್ಲಿವೆ ಎಂಬುದನ್ನು ಸೇರಿಸಿದರೆ ಈ ಸಂಖ್ಯೆ ಇನ್ನೂ ಬೆಳೆಯುತ್ತದೆ. ನೇಪಾಳದಲ್ಲಿ ಇದರ ಸೋದರ ಆಟವೊಂದಿದೆ, ಹೆಸರು ‘ಬಾಘ್ ಚಾಲ್’. 25 ಬಿಂದು, 4 ಹುಲಿ, 20 ಕುರಿ. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಗಣಕ ವಿಜ್ಞಾನಿಗಳು ಈ ಆಟವನ್ನು ಗಣಕದಿಂದ ಶೋಧಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಆಟ ಸಮ ಎಂದು ತೋರಿಸಿದರು. ದುರ್ಬಲರ ಗುಂಪು ಮತ್ತು ಬಲಶಾಲಿಗಳ ನಡುವೆ ಇಷ್ಟು ನಿಖರವಾದ ತೂಕವನ್ನು ನಮ್ಮ ಹಿರಿಯರು ಗಣಕವಿಲ್ಲದೆ, ಕೇವಲ ಆಡಿ ಆಡಿ ಕಂಡುಕೊಂಡಿದ್ದರು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು ಮನೆ ಆಟಗಳಲ್ಲಿ ವಿಶೇಷ ಆಸಕ್ತಿ ಹೊಂದಿದ್ದರು. 19ನೆಯ ಶತಮಾನದಲ್ಲಿ ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗ ಆಟಗಳಿಗಾಗಿಯೇ ಮೀಸಲಾಗಿದೆ. ಆಟವನ್ನು ವಿದ್ಯೆಯಾಗಿ ಕಂಡು ದಾಖಲಿಸುವ ಪರಂಪರೆ ನಮ್ಮಲ್ಲಿ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ನಿಜವಾದ ಬೇಟೆಯ ನೆನಪೂ ಕಲ್ಲಿನಲ್ಲಿ ಉಳಿದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರದು. ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತ ಪ್ರಸಂಗವನ್ನು ಅದು ಹೇಳುತ್ತದೆ. ನಾಯಿಯ ಹೆಸರನ್ನು ಬರೆಸಿ, ಚಿತ್ರ ಕೊರೆಸಿ ಗೌರವಿಸಿದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯಲ್ಲಿ ಜೊತೆಗಾರನ ಬೆಲೆ ಏನೆಂಬುದನ್ನು ಸಾವಿರ ವರ್ಷಗಳ ಹಿಂದೆಯೇ ತಿಳಿದಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಾಡುಮೃಗಗಳ ಬೇಟೆ ನಮ್ಮಲ್ಲಿ ಅಪರಾಧ. ಬೇಟೆ ಉಳಿದಿರಬೇಕಾದುದು ಆಟದಲ್ಲಿ ಮಾತ್ರ.

ಅಂಗೈ ಯಂತ್ರದ ಹುಟ್ಟು

ಈಗ ಯಂತ್ರದ ಕಡೆಗೆ ಬರೋಣ. ಅಮೆರಿಕದ ಮ್ಯಾಟೆಲ್ ಕಂಪನಿ 1976ರಲ್ಲಿ ‘ಆಟೋ ರೇಸ್’ ಎಂಬ ಅಂಗೈ ಆಟವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಚಿತ್ರವಿರಲಿಲ್ಲ, ಕೆಂಪು ಎಲ್‌ಇಡಿ ದೀಪಗಳ ಚುಕ್ಕೆಗಳೇ ಕಾರುಗಳು. 1979ರಲ್ಲಿ ಬಂದ ‘ಮೈಕ್ರೋವಿಷನ್’ ಯಂತ್ರದಲ್ಲಿ ಆಟದ ತುಣುಕನ್ನು ಬದಲಿಸಬಹುದಿತ್ತು. ಅದರ ದ್ರವ ಸ್ಫಟಿಕ ಪರದೆಯಲ್ಲಿ ಇದ್ದುದು ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಚುಕ್ಕೆಗಳು.

1980ರಲ್ಲಿ ಜಪಾನಿನ ನಿಂಟೆಂಡೋ ಕಂಪನಿಯ ಗುನ್‌ಪೇ ಯೊಕೊಯ್ ಅವರು ‘ಗೇಮ್ ಅಂಡ್ ವಾಚ್’ ಎಂಬ ಯಂತ್ರಗಳನ್ನು ರೂಪಿಸಿದರು. ಲೆಕ್ಕಯಂತ್ರಗಳಿಗಾಗಿ ತಯಾರಾಗಿ, ಆ ವೇಳೆಗೆ ಅಗ್ಗವಾಗಿದ್ದ ಪರದೆ ಮತ್ತು ಚಿಪ್ಪುಗಳನ್ನೇ ಅವರು ಆಟಕ್ಕೆ ಬಳಸಿದರು. ಹೊಸ ದುಬಾರಿ ತಂತ್ರಜ್ಞಾನದ ಹಿಂದೆ ಓಡುವುದಕ್ಕಿಂತ, ಚೆನ್ನಾಗಿ ಪಳಗಿದ ಅಗ್ಗದ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕಬೇಕು ಎಂಬುದು ಅವರ ನಿಲುವು. 1989ರಲ್ಲಿ ಬಂದ ‘ಗೇಮ್ ಬಾಯ್’ ಈ ನಿಲುವಿನ ಫಲ. ಅದರ ಪರದೆಯಲ್ಲಿ ಬಣ್ಣವಿರಲಿಲ್ಲ. ಹಸಿರು ಹಿನ್ನೆಲೆಯ ನಾಲ್ಕು ಛಾಯೆಗಳು ಮಾತ್ರ. ಪ್ರತಿಸ್ಪರ್ಧಿಗಳು ಬಣ್ಣದ ಪರದೆ ಕೊಟ್ಟರು, ಆದರೆ ಅವುಗಳ ಆರು ಸೆಲ್ಲುಗಳು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆಯುತ್ತಿತ್ತು. ಗೆದ್ದದ್ದು ಗೇಮ್ ಬಾಯ್.

ಪರದೆಯ ಚುಕ್ಕೆ ಎಂದರೇನೆಂದು ತಿಳಿಯಲು ದೊಡ್ಡಬಳ್ಳಾಪುರದ ವಿದ್ಯಾರ್ಥಿ ದೂರ ಹೋಗಬೇಕಿಲ್ಲ. ಅಲ್ಲಿನ ರೇಷ್ಮೆ ಮಗ್ಗಗಳಲ್ಲಿ ಸೀರೆಯ ಅಂಚಿನ ವಿನ್ಯಾಸವನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯುತ್ತಾರೆ. ಪ್ರತಿ ಚೌಕ ತುಂಬಿದೆ ಅಥವಾ ಖಾಲಿಯಿದೆ. ಅದಕ್ಕೆ ತಕ್ಕಂತೆ ಜಕಾರ್ಡ್ ಪಟ್ಟಿಯಲ್ಲಿ ತೂತು ಇರುತ್ತದೆ ಅಥವಾ ಇರುವುದಿಲ್ಲ. ತೂತು ಇದ್ದರೆ ಎಳೆ ಮೇಲೇಳುತ್ತದೆ. ಫ್ರಾನ್ಸಿನ ಜಕಾರ್ಡ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಈ ವ್ಯವಸ್ಥೆ ಮುಂದೆ ಗಣಕಗಳ ತೂತುಪಟ್ಟಿಗಳಿಗೆ ಮಾದರಿಯಾಯಿತು. ಗೇಮ್ ಬಾಯ್ ಪರದೆಯೂ ಇಂತಹದೇ ಒಂದು ಚೌಕುಳಿ: 160 ಗುಣಿಸು 144, ಅಂದರೆ 23,040 ಚುಕ್ಕೆಗಳು. ವ್ಯತ್ಯಾಸವಿಷ್ಟೆ, ಇಲ್ಲಿ ವಿನ್ಯಾಸ ಒಂದು ಸೆಕೆಂಡಿನಲ್ಲಿ ಹಲವು ಬಾರಿ ಬದಲಾಗುತ್ತದೆ.

ಗೇಮ್ ಬಾಯ್‌ನ ಪಕ್ಕದಲ್ಲಿ ಒಂದು ಸಣ್ಣ ರಂಧ್ರವಿತ್ತು. ತಂತಿಯೊಂದನ್ನು ಸಿಕ್ಕಿಸಿ ಎರಡು ಯಂತ್ರಗಳನ್ನು ಜೋಡಿಸಬಹುದಿತ್ತು. 1996ರಲ್ಲಿ ಬಂದ ‘ಪೋಕೆಮಾನ್’ ಆಟ ಈ ತಂತಿಗೆ ಹೊಸ ಅರ್ಥ ಕೊಟ್ಟಿತು. ಬಾಲ್ಯದಲ್ಲಿ ಕೀಟಗಳನ್ನು ಸಂಗ್ರಹಿಸುತ್ತಿದ್ದ ಸತೋಷಿ ತಾಜಿರಿ ಅವರು, ತಂತಿಯ ಮೂಲಕ ಪುಟ್ಟ ಜೀವಿಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದನ್ನು ಕಲ್ಪಿಸಿಕೊಂಡರು. ಎಲ್ಲ ಜೀವಿಗಳೂ ಒಂದೇ ಯಂತ್ರದಲ್ಲಿ ಸಿಗದಂತೆ ಆಟವನ್ನು ರೂಪಿಸಿದ್ದರಿಂದ, ಆಡುವವನು ಜೊತೆಗಾರನನ್ನು ಹುಡುಕಲೇಬೇಕಿತ್ತು.

ನಮ್ಮಲ್ಲಿ ಹೆಚ್ಚಿನವರು ಅಂಗೈ ಆಟವನ್ನು ಮೊದಲು ಕಂಡದ್ದು ಮೊಬೈಲ್ ಫೋನಿನಲ್ಲಿ. 1997ರಲ್ಲಿ ನೋಕಿಯಾ 6110 ಫೋನಿನೊಂದಿಗೆ ಬಂದ ಹಾವಿನ ಆಟ ನಿಮ್ಮ ತಂದೆತಾಯಿಯರಿಗೆ ನೆನಪಿರಬಹುದು. ಆ ಫೋನಿನಲ್ಲಿ ಇಬ್ಬರು ಆಡುವ ಅವಕಾಶವೂ ಇತ್ತು ಎಂಬುದು ಹಲವರಿಗೆ ತಿಳಿಯದು. ಎರಡು ಫೋನುಗಳನ್ನು ಎದುರುಬದುರು ಇಟ್ಟರೆ ಅವು ಅವಕೆಂಪು ಕಿರಣಗಳ ಮೂಲಕ ಮಾತಾಡಿಕೊಳ್ಳುತ್ತಿದ್ದವು. ಆದರೆ ನಡುವೆ ಕೈ ಅಡ್ಡ ಬಂದರೆ ಸಂಪರ್ಕ ಕಡಿದುಹೋಗುತ್ತಿತ್ತು. ಬೆಳಕು ನೇರರೇಖೆಯಲ್ಲಿ ಚಲಿಸುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ತಂತಿ ಬಿಟ್ಟು ತರಂಗಕ್ಕೆ

ನಾಲ್ವರು ಒಂದೆಡೆ ಕುಳಿತು ಆಡಲು ತಂತಿಯೂ ಅವಕೆಂಪು ಕಿರಣವೂ ಅನುಕೂಲವಲ್ಲ. ಎಲ್ಲ ದಿಕ್ಕಿಗೂ ಹರಡುವ ರೇಡಿಯೋ ತರಂಗ ಬೇಕು. ಜಪಾನಿನ ಸೋನಿ ಕಂಪನಿ 2004ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಪ್ಲೇಸ್ಟೇಷನ್ ಪೋರ್ಟಬಲ್’ ಯಂತ್ರದಲ್ಲಿ ಅದು ಒದಗಿತು. ಈ ಯಂತ್ರದ ಹೆಸರನ್ನು ಚಿಕ್ಕದಾಗಿ ಪಿಎಸ್‌ಪಿ ಎನ್ನುತ್ತಾರೆ. ಅದರ ಪರದೆ 4.3 ಅಂಗುಲ; ಚುಕ್ಕೆಗಳು 480 ಗುಣಿಸು 272, ಅಂದರೆ 1,30,560. ಸಂಸ್ಕಾರಕದ ಗರಿಷ್ಠ ವೇಗ 333 ಮೆಗಾಹರ್ಟ್ಸ್. ಆಟ ಇರುತ್ತಿದ್ದುದು ಪುಟ್ಟ ಬೆಳಕಿನ ತಟ್ಟೆಯಲ್ಲಿ. ಜೊತೆಗೆ ವೈ–ಫೈ.

ವೈ–ಫೈಯನ್ನು ಎರಡು ರೀತಿ ಬಳಸಬಹುದು. ಮನೆಯಲ್ಲಿರುವ ಪೆಟ್ಟಿಗೆಯೊಂದರ ಮೂಲಕ ಎಲ್ಲ ಯಂತ್ರಗಳೂ ಅಂತರಜಾಲಕ್ಕೆ ಹೋಗುವುದು ಒಂದು ರೀತಿ. ನಡುವೆ ಯಾವ ಪೆಟ್ಟಿಗೆಯೂ ಇಲ್ಲದೆ, ಅಂತರಜಾಲವೂ ಇಲ್ಲದೆ, ಹತ್ತಿರದ ಯಂತ್ರಗಳು ತಮ್ಮತಮ್ಮಲ್ಲೇ ಜಾಲ ಕಟ್ಟಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ‘ಅಡ್ ಹಾಕ್’ ವಿಧಾನ ಎಂದು ಹೆಸರು. ಊರಿನ ಕಟ್ಟೆಯ ಮೇಲೆ ಸೇರಿದವರು ಅಲ್ಲೇ ಮಾತು ಆರಂಭಿಸಿ, ಎದ್ದುಹೋದಾಗ ಮುಗಿಸುವಂತೆ. ನಮ್ಮ ಕಥೆಗೆ ಮುಖ್ಯವಾದುದು ಇದೇ.

ಪಿಎಸ್‌ಪಿ ಬಳಸುತ್ತಿದ್ದುದು 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗಗಳನ್ನು. ಭಾರತದಲ್ಲಿ 2005ರ ಜನವರಿಯಲ್ಲಿ ಹೊರಬಂದ ನಿಯಮಗಳು 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಾಧನಗಳನ್ನು ಬಳಸಲು ಪರವಾನಗಿ ಬೇಕಿಲ್ಲ ಎಂದು ಸಾರಿದವು. ಇಂದು ನಿಮ್ಮ ಶಾಲೆಯ ವೈ–ಫೈ, ನಿಮ್ಮ ಮನೆಯ ಬ್ಲೂಟೂತ್ ಸಾಧನ ಯಾರ ಅನುಮತಿಯನ್ನೂ ಕೇಳದೆ ನಡೆಯುತ್ತಿರುವುದರ ಹಿಂದೆ ಈ ನಿರ್ಧಾರವಿದೆ. ಗೋಮಾಳದಲ್ಲಿ ಊರವರೆಲ್ಲ ದನ ಮೇಯಿಸುವಂತೆ ಇದು ಎಲ್ಲರಿಗೂ ಸೇರಿದ ತರಂಗಪಟ್ಟಿ.

ದೈತ್ಯಮೃಗದ ಬೇಟೆ

ಮಾನ್‌ಸ್ಟರ್ ಹಂಟರ್ ಮೊದಲು ಬಂದದ್ದು 2004ರ ಮಾರ್ಚ್‌ನಲ್ಲಿ, ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ. ತಯಾರಿಸಿದ್ದು ಒಸಾಕಾ ನಗರದ ಕ್ಯಾಪ್‌ಕಾಮ್ ಕಂಪನಿ. ಅಂತರಜಾಲದ ಮೂಲಕ ಜನ ಕೂಡಿ ಆಡಬಹುದೇ ಎಂದು ಪರೀಕ್ಷಿಸಲು ಆ ಕಂಪನಿ ರೂಪಿಸಿದ ಮೂರು ಆಟಗಳಲ್ಲಿ ಇದೂ ಒಂದು. 2005ರ ಡಿಸೆಂಬರ್‌ನಲ್ಲಿ ಅದರ ಪಿಎಸ್‌ಪಿ ರೂಪ ಬಂದಿತು. 2007ರಲ್ಲಿ ಎರಡನೆಯದು, 2008ರಲ್ಲಿ ಅದರ ವಿಸ್ತೃತ ರೂಪ, 2010ರಲ್ಲಿ ಮೂರನೆಯದು. 2008ರ ಆಟ ಜಪಾನೊಂದರಲ್ಲೇ 40 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು. ಹೊರದೇಶಗಳಿಗೆ ಅದು 2009ರಲ್ಲಿ ಬೇರೆ ಹೆಸರಿನಲ್ಲಿ ಬಂತು.

ಆಟದ ನಿಯಮಗಳನ್ನು ನೋಡಿದರೆ ಹುಲಿ–ಕುರಿ ನೆನಪಾಗುತ್ತದೆ. ಗರಿಷ್ಠ ನಾಲ್ವರು ಬೇಟೆಗಾರರು. ಎದುರಿಗೆ ರೆಕ್ಕೆಯುಳ್ಳ, ಬೆಂಕಿ ಉಗುಳುವ ದೈತ್ಯಮೃಗ. ಒಂದು ಬೇಟೆಗೆ ಸಾಮಾನ್ಯವಾಗಿ 50 ನಿಮಿಷಗಳ ಗಡುವು. ನಾಲ್ವರಿಗೂ ಸೇರಿ ಮೂರೇ ಜೀವ: ಯಾರೇ ಆಗಲಿ, ಒಟ್ಟು ಮೂರು ಬಾರಿ ಮೂರ್ಛೆ ಹೋದರೆ ಎಲ್ಲರ ಬೇಟೆಯೂ ವಿಫಲ. ಒಬ್ಬನ ದುಡುಕಿಗೆ ನಾಲ್ವರೂ ಬೆಲೆ ತೆರಬೇಕು. ಆದ್ದರಿಂದ ಪಳಗಿದವನು ಹೊಸಬನನ್ನು ಬಿಟ್ಟು ಮುಂದೆ ಓಡುವಂತಿಲ್ಲ, ಅವನಿಗೆ ಕಲಿಸಬೇಕು.

ಮೃಗಕ್ಕೆ ಎಷ್ಟು ಶಕ್ತಿ ಉಳಿದಿದೆ ಎಂದು ಪರದೆ ತೋರಿಸುವುದಿಲ್ಲ. ಅದು ಕುಂಟುತ್ತಿದೆಯೇ, ಜೊಲ್ಲು ಸುರಿಸುತ್ತಿದೆಯೇ, ಗೂಡಿನ ಕಡೆಗೆ ಹಾರುತ್ತಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಯಾವ ಚಲನೆಯ ನಂತರ ಯಾವ ದಾಳಿ ಬರುತ್ತದೆ ಎಂದು ನೆನಪಿಡಬೇಕು. ಇದು ವೀಕ್ಷಣೆ, ಊಹೆ, ಪರೀಕ್ಷೆ ಎಂಬ ಕ್ರಮವಲ್ಲದೆ ಬೇರೇನೂ ಅಲ್ಲ. ಆಯುಧಗಳಲ್ಲಿ ಒಂದು ದೊಡ್ಡ ಕೊಂಬು. ಅದನ್ನು ಹಿಡಿದವನು ರಾಗ ನುಡಿಸಿ ಜೊತೆಗಾರರ ಬಲವನ್ನು ಹೆಚ್ಚಿಸುತ್ತಾನೆ. 2008ರ ಆಟದಲ್ಲಿ ಒಂಟಿಯಾಗಿ ಆಡುವವನಿಗೂ ಬೆಕ್ಕಿನಂತಹ ಪುಟ್ಟ ಪ್ರಾಣಿಯೊಂದು ಜೊತೆಗಾರನಾಗಿ ಬರುತ್ತದೆ. ಆತಕೂರಿನ ಕಾಳಿಯನ್ನು ನೆನೆಯಿರಿ.

ಟಿವಿಯ ಮುಂದಿನ ಆಟಕ್ಕಿಂತ ಅಂಗೈ ಆಟ ಹೆಚ್ಚು ಜನಪ್ರಿಯವಾದದ್ದೇಕೆ? ಪಿಎಸ್‌ಪಿಯ ಈ ಆಟಗಳಲ್ಲಿ ನೇರವಾಗಿ ಅಂತರಜಾಲದ ಮೂಲಕ ಕೂಡುವ ವ್ಯವಸ್ಥೆ ಇರಲಿಲ್ಲ. ಕೂಡಿ ಆಡಬೇಕಾದರೆ ಒಂದೇ ಕೋಣೆಗೆ, ಒಂದೇ ಬೋಗಿಗೆ ಬರಬೇಕಿತ್ತು. ಇದು ಕೊರತೆಯಂತೆ ಕಾಣುತ್ತದೆ. ಆದರೆ ಜಪಾನಿನ ನಗರಗಳಲ್ಲಿ ಶಾಲೆ ಬಿಟ್ಟ ಮಕ್ಕಳು, ಕಚೇರಿ ಬಿಟ್ಟ ನೌಕರರು ಉಪಾಹಾರ ಗೃಹಗಳಲ್ಲಿ, ರೈಲುಗಳಲ್ಲಿ ಸೇರಿ ಆಡತೊಡಗಿದ್ದಕ್ಕೆ ಈ ಕೊರತೆಯೇ ಕಾರಣವಾಯಿತು. ತಂತ್ರಜ್ಞಾನದ ಮಿತಿಯೊಂದು ಜನರನ್ನು ಹತ್ತಿರ ತಂದಿತು.

ಯಂತ್ರಗಳು ಒಮ್ಮತಕ್ಕೆ ಬರುವ ಬಗೆ

ನಾಲ್ಕು ಪರದೆಗಳಲ್ಲಿ ಒಂದೇ ಮೃಗ ಒಂದೇ ಕಾಲಕ್ಕೆ ಬಾಲ ಬೀಸಬೇಕು. ಇದು ಹೇಗೆ ಸಾಧ್ಯ? ಇಂತಹ ಆಟಗಳಲ್ಲಿ ಯಂತ್ರಗಳು ಚಿತ್ರಗಳನ್ನು ಕಳುಹಿಸುವುದಿಲ್ಲ. ಮೃಗದ ರೂಪ, ಕಾಡಿನ ನಕ್ಷೆ ಎಲ್ಲವೂ ಪ್ರತಿ ಯಂತ್ರದಲ್ಲಿ ಮೊದಲೇ ಇರುತ್ತವೆ. ಕಳುಹಿಸಬೇಕಾದುದು ಚಿಕ್ಕ ಸಂದೇಶ ಮಾತ್ರ: ಯಾರು, ಎಲ್ಲಿ, ಯಾವ ಕಡೆ ಮುಖಮಾಡಿ, ಏನು ಮಾಡಿದರು. ಯಕ್ಷಗಾನದ ಪ್ರಸಂಗ ತಿಳಿದ ಕಲಾವಿದರಿಗೆ ಭಾಗವತರ ಒಂದು ಸೂಚನೆ ಸಾಕಾದಂತೆ.

ಆದರೆ ಸಂದೇಶ ತಲುಪಲು ಕಾಲ ಬೇಕು. 10 ಮೀಟರ್ ದೂರವನ್ನು ರೇಡಿಯೋ ತರಂಗ ಒಂದು ಸೆಕೆಂಡಿನ ಸುಮಾರು 3 ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ದಾಟುತ್ತದೆ. ಯಂತ್ರದೊಳಗಿನ ಕೆಲಸಕ್ಕೆ ಹಿಡಿಯುವ ಕಾಲದ ಮುಂದೆ ಇದು ಏನೂ ಅಲ್ಲ. ಬೆಂಗಳೂರಿನಿಂದ ಟೋಕಿಯೋಗೆ ಸುಮಾರು 6,700 ಕಿ.ಮೀ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ನೇರ ತಂತು ಇದೆ ಎಂದು ಭಾವಿಸಿದರೂ ಸಂದೇಶ ಹೋಗಲು 33 ಮಿಲಿಸೆಕೆಂಡು, ಹೋಗಿಬರಲು 67 ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 30 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ 33 ಮಿಲಿಸೆಕೆಂಡು. ಅಂದರೆ ದೂರದ ಜೊತೆಗಾರ ಎಷ್ಟೇ ಚುರುಕಾಗಿದ್ದರೂ ಅವನ ಉತ್ತರ ಎರಡು ಚಿತ್ರಗಳಷ್ಟು ತಡವಾಗಿಯೇ ಬರುತ್ತದೆ. ಇದು ಯಂತ್ರದ ದೋಷವಲ್ಲ, ನಿಸರ್ಗದ ನಿಯಮ.

ದೂರ ಸರಿದ ಜೊತೆಗಾರರು

ಅಂತರಜಾಲ ವೇಗ ಪಡೆದಂತೆ ಆಟ ಹತ್ತಿರದ ಕೋಣೆಯನ್ನು ಬಿಟ್ಟು ಲೋಕಕ್ಕೆಲ್ಲ ಹರಡಿತು. 2018ರಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ 2 ಕೋಟಿಗೂ ಹೆಚ್ಚು ಮಾರಾಟವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್ ನೌ’ ಮೊಬೈಲ್ ಫೋನಿನಲ್ಲಿ, ಬೀದಿಯಲ್ಲಿ ನಡೆಯುತ್ತ ಆಡುವ ಆಟ. ಅದರಲ್ಲಿ ಬೇಟೆಯ ಅವಧಿ 75 ಸೆಕೆಂಡು. ಹಿಂದೆ 50 ನಿಮಿಷಗಳ ತಾಳ್ಮೆ ಬೇಡುತ್ತಿದ್ದ ಬೇಟೆ ಬಸ್ಸು ಕಾಯುವ ಹೊತ್ತಿಗೆ ಇಳಿಯಿತು.

ಇದರಿಂದ ಲಾಭವಿಲ್ಲವೆಂದಲ್ಲ. ಊರಿನಲ್ಲಿ ಜೊತೆಗಾರರಿಲ್ಲದವನಿಗೂ ಜೊತೆ ಸಿಕ್ಕಿತು. ಆದರೆ ಬೀಗದ ಕೈ ಕೈಬದಲಾಯಿತು. ಕೇಂದ್ರ ಗಣಕ, ಅಂದರೆ ಸರ್ವರ್, ಕಂಪನಿಯದು. ಅದು ನಿಂತರೆ ಆಟವೂ ನಿಲ್ಲುತ್ತದೆ. ಇದೇ ಸರಣಿಯ ‘ಫ್ರಾಂಟಿಯರ್’ ಎಂಬ ಆಟ 2007ರಲ್ಲಿ ಆರಂಭವಾಗಿ ಪೂರ್ಣವಾಗಿ ಸರ್ವರ್ ಮೇಲೆ ನಿಂತಿತ್ತು. 2019ರ ಡಿಸೆಂಬರ್‌ನಲ್ಲಿ ಸರ್ವರ್ ನಿಲ್ಲಿಸಲಾಯಿತು. ಹನ್ನೆರಡು ವರ್ಷ ಆಡಿದವರ ಸಂಗ್ರಹವೆಲ್ಲ ಮುಗಿಯಿತು. 2024ರ ಏಪ್ರಿಲ್‌ನಲ್ಲಿ ನಿಂಟೆಂಡೋ ತನ್ನ 3ಡಿಎಸ್ ಅಂಗೈ ಯಂತ್ರದ ಅಂತರಜಾಲ ಆಟವನ್ನು ನಿಲ್ಲಿಸಿತು. ಆದರೆ ಅದೇ ಯಂತ್ರಗಳು ಹತ್ತಿರವಿದ್ದರೆ ತಮ್ಮತಮ್ಮಲ್ಲಿ ಇಂದಿಗೂ ಕೂಡಬಲ್ಲವು. 2008ರ ಪಿಎಸ್‌ಪಿ ಆಟವೂ ಅಷ್ಟೆ: ಕೆಲಸ ಮಾಡುವ ಎರಡು ಹಳೆಯ ಯಂತ್ರ, ಎರಡು ತಟ್ಟೆ ಇದ್ದರೆ ಯಾರ ಅಪ್ಪಣೆಯೂ ಇಲ್ಲದೆ ಬೇಟೆ ಆರಂಭಿಸಬಹುದು.

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ನಾಲ್ವರ ತಂಡವಾಗಿ ಫೋನಿನಲ್ಲಿ ಆಡುತ್ತಿದ್ದ ‘ಪಬ್‌ಜಿ’ಯನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. 2021ರಲ್ಲಿ ಅದು ಬೇರೆ ಹೆಸರಿನಲ್ಲಿ ಬಂದು, 2022ರಲ್ಲಿ ಮತ್ತೆ ತಡೆಯಲ್ಪಟ್ಟು, 2023ರಲ್ಲಿ ಮರಳಿತು. ನಿಷೇಧ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಕೇಂದ್ರವೊಂದನ್ನು ಅವಲಂಬಿಸಿದ ಆಟ ಒಂದು ಆದೇಶದಿಂದ ಕೋಟ್ಯಂತರ ಕೈಗಳಲ್ಲಿ ಏಕಕಾಲಕ್ಕೆ ನಿಲ್ಲಬಲ್ಲದು ಎಂಬ ತಾಂತ್ರಿಕ ಸತ್ಯವನ್ನಷ್ಟೇ ನೀವಿಲ್ಲಿ ಗಮನಿಸಿ. ಕಲ್ಲುಹಾಸಿನ ಹುಲಿ–ಕುರಿಗೆ ಸರ್ವರ್ ಇಲ್ಲ. ಅದರ ಅಪಾಯ ಬೇರೆ: ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚಪ್ಪಡಿ ಕಿತ್ತು ನುಣುಪು ಗ್ರಾನೈಟ್ ಹಾಸಿದ ದಿನ ಅದೂ ಹೋಗುತ್ತದೆ.

ಬೆಂಗಳೂರಿನ ಪಾಲು

ಇಂತಹ ಆಟಗಳ ತಯಾರಿಯಲ್ಲಿ ನಮ್ಮವರ ಪಾಲೇನು? ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಕಂಪನಿಯನ್ನು ಆರಂಭಿಸಿದರು. ಭಾರತದ ಮೊದಲ ವಿಡಿಯೋ ಆಟ ಕಂಪನಿಗಳಲ್ಲಿ ಅದು ಒಂದು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ ಮುಂತಾದ ಮೂರು ಆಯಾಮದ ಮಾದರಿಗಳನ್ನು ಅದರ ಕಲಾವಿದರು ವರ್ಷಗಟ್ಟಲೆ ತಯಾರಿಸಿದರು. ಸ್ವೀಡನ್ನಿನ ಕಂಪನಿಯೊಂದರ ವಶಕ್ಕೆ ಹೋದ ಅದನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ ನೀತಿಯೊಂದನ್ನು ರೂಪಿಸಿತು. 2025ರಲ್ಲಿ ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಣೆ ಆರಂಭವಾಯಿತು. ಆಟ ಆಡುವ ಯಂತ್ರ ನಮ್ಮ ಜಿಲ್ಲೆಯಲ್ಲಿ ತಯಾರಾಗುತ್ತಿದೆ, ಆಟದ ಬಿಡಿಭಾಗಗಳು ನಮ್ಮ ರಾಜಧಾನಿಯಲ್ಲಿ ತಯಾರಾಗುತ್ತಿವೆ. ಆದರೆ ನಾಲ್ವರು ಏನನ್ನು ಬೇಟೆಯಾಡಬೇಕು, ಏಕೆ, ಯಾವ ನಿಯಮದಂತೆ ಎಂದು ಕಲ್ಪಿಸುವ ಕೆಲಸ ಬಹುಪಾಲು ಬೇರೆಡೆ ನಡೆಯುತ್ತಿದೆ. ಈ ಅಂತರವನ್ನು ತುಂಬುವವರು ನಿಮ್ಮ ತರಗತಿಯಲ್ಲಿ ಕುಳಿತಿರಬಹುದು.

ಪರದೆಯ ಮೃಗ ನಿಜವಾಗಿ ತ್ರಿಕೋನಗಳ ಬಲೆ. ಪ್ರತಿ ತ್ರಿಕೋನದ ಮೂರು ಶೃಂಗಗಳಿಗೆ ಮೂರು ಮೂರು ನಿರ್ದೇಶಾಂಕ. ಮೃಗ ತಿರುಗಿದಾಗ ಯಂತ್ರ ಈ ಸಂಖ್ಯೆಗಳನ್ನು ಮಾತೃಕೆಯಿಂದ ಗುಣಿಸುತ್ತದೆ. ಇದೇ ಬಲೆ ಈಗ ನಮ್ಮ ವೀರಗಲ್ಲುಗಳ ರಕ್ಷಣೆಗೂ ಬಂದಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಈ ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆ ಕೈಗೊಂಡಿತು. ಕಲ್ಲಿನ ಮೇಲೆ ಸವೆದ ಅಕ್ಷರಗಳೂ ಆ ಬಲೆಯಲ್ಲಿ ಓದಲು ಸಿಗುತ್ತವೆ. ಆಟದ ಮೃಗಕ್ಕೂ ಊರಿನ ವೀರನಿಗೂ ಗಣಿತ ಒಂದೇ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕ ಮಿತ್ರರೇ, ಇದನ್ನು ಕಲಿಸಲು ಯಾವ ಯಂತ್ರವೂ ಬೇಕಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಹುಲಿ–ಕುರಿ ಮನೆ ಬರೆಯಿರಿ. ಹುಲಿಗಳನ್ನು ಒಬ್ಬ ವಿದ್ಯಾರ್ಥಿಗೆ ಕೊಡಿ. ಹದಿನೈದು ಕುರಿಗಳನ್ನು ನಾಲ್ವರಿಗೆ ಹಂಚಿ, ಸರದಿಯಂತೆ ನಡೆಸಲು ಹೇಳಿ. ಮೊದಲ ಐದು ಆಟಗಳಲ್ಲಿ ನಾಲ್ವರೂ ಮಾತಾಡುವಂತಿಲ್ಲ. ಮುಂದಿನ ಐದು ಆಟಗಳಲ್ಲಿ ಮುಕ್ತವಾಗಿ ಮಾತಾಡಬಹುದು. ಕೊನೆಯ ಐದು ಆಟಗಳಲ್ಲಿ ಚೀಟಿ ಬರೆದು ಮಾತ್ರ ತಿಳಿಸಬಹುದು, ಚೀಟಿ ಒಂದು ಸರದಿ ತಡವಾಗಿ ತಲುಪಬೇಕು. ಪ್ರತಿ ಆಟದಲ್ಲಿ ಎಷ್ಟು ಕುರಿ ಸತ್ತವು ಎಂದು ಪಟ್ಟಿ ಮಾಡಿ, ಸರಾಸರಿ ತೆಗೆದು ಹೋಲಿಸಿ. ಸಂವಹನದ ಬೆಲೆ ಏನು, ವಿಳಂಬದ ಬೆಲೆ ಏನು ಎಂಬುದು ಮಕ್ಕಳ ಕೈಗೇ ಸಿಗುತ್ತದೆ.

ಎರಡನೆಯ ಕೆಲಸ ಊರಿನದು. ನಿಮ್ಮ ಊರಿನ ಗುಡಿ, ಮಂಟಪ, ಕಟ್ಟೆಗಳ ಚಪ್ಪಡಿಗಳನ್ನು ಪರಿಶೀಲಿಸಿ. ಆಟದ ಮನೆ ಕಂಡರೆ ಬಣ್ಣ ತುಂಬಬೇಡಿ, ಕೆರೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಗೆರೆಗಳನ್ನೂ ಬಿಂದುಗಳನ್ನೂ ಎಣಿಸಿ ಬರೆದಿಡಿ. ಅಲ್ಲಿ ಆಡಿದ ಹಿರಿಯರಿದ್ದರೆ ನಿಯಮ ಕೇಳಿ ಬರೆದುಕೊಳ್ಳಿ. ಫೋನಿನ ಆಟದ ನಿಯಮ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ಈ ಆಟದ ನಿಯಮ ಇರುವುದು ಅವರ ನೆನಪಿನಲ್ಲಿ ಮಾತ್ರ. ಅದನ್ನು ಬರೆದಿಡಲು ಇರುವ ಕಾಲ ಹೆಚ್ಚಿಲ್ಲ.